ಕೈಗೆ ಕೆಲಸ

ಭದ್ರಾವತಿಯ ನ್ಯೂ ಟೌನಿನ ಆ ಕ್ವಾರ್ಟರ್ಸ್ ಸಾಲಿನಲ್ಲಿ ಕಾಂತರಾಜನ ಮಗಳು ಕವನಳಷ್ಟು ಚುರುಕಾಗಿ ಬಾಯಿಪಾಠ ಒಪ್ಪಿಸುವ ಮಗು ಇನ್ನೊಂದಿರಲಿಲ್ಲ. ಮಗ್ಗಿ, ಜಿಲ್ಲೆಗಳ ಹೆಸರು, ಪದ್ಯ, ಏನು ಕೇಳಿದರೂ ಗಡಗಡ. ಪೆನ್ಸಿಲ್ ಕೈಗೆ ಕೊಟ್ಟರೆ ಮಾತ್ರ ಕತೆಯೇ ಬೇರೆ. ನಾಲ್ಕನೇ ಕ್ಲಾಸಿಗೆ ಬಂದರೂ ಅವಳ ಅಕ್ಷರ ಗೆರೆಯ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಕುಂಬಳಕಾಯಿ ಗಾತ್ರ, ಇನ್ನೊಂದು ಸಾಸಿವೆ. ಒತ್ತಕ್ಷರಗಳಂತೂ ತಮ್ಮ ಮನೆ ಬಿಟ್ಟು ಕೆಳಗಿನ ಸಾಲಿನವರ ಮನೆಯಲ್ಲಿ ಠಿಕಾಣಿ ಹೂಡುತ್ತಿದ್ದವು. ಬೋರ್ಡು ನೋಡಿ ಬರೆದುಕೊಳ್ಳಿ ಎಂದರೆ ಉಳಿದ ಮಕ್ಕಳು ಪುಸ್ತಕ ಮುಚ್ಚಿ ಊಟಕ್ಕೆ ಎದ್ದ ಮೇಲೂ ಇವಳು ಎರಡನೇ ಸಾಲಿನಲ್ಲೇ ಇರುತ್ತಿದ್ದಳು.

ಬರೆಯುವುದೊಂದೇ ಆಗಿದ್ದರೆ ಅವಳ ಅಜ್ಜಿ ದ್ಯಾಮಮ್ಮ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೆಣ್ಣುಮಗುವಿಗೆ ಅಕ್ಷರ ದುಂಡಗಿದ್ದರೇನು, ಸೊಟ್ಟಗಿದ್ದರೇನು! ಆದರೆ ಹುಡುಗಿ ಲಂಗದ ಲಾಡಿ ಕಟ್ಟಿಕೊಳ್ಳಲಾರಳು, ತುಂಬಿದ ಚೊಂಬು ತಂದರೆ ಅರ್ಧ ನೀರು ಹಾದಿಗೆ.

"ಒಂಬತ್ತು ವರ್ಷ ತುಂಬ್ತು. ಇನ್ನೂ ಗುಂಡಿ ಹಾಕೋಕೆ ಅಮ್ಮ ಬೇಕು," ಎಂದು ಊಟದ ಹೊತ್ತಿಗೆ ಸರಿಯಾಗಿ ದ್ಯಾಮಮ್ಮ ಶುರು ಮಾಡುವಳು. "ನನ್ನ ಮಗಳು ಶಕುಂತಲ ಈ ವಯಸ್ಸಿಗೆ ಒಬ್ಬಳೇ ಅಡಿಗೆ ಮಾಡಿ ಇಡ್ತಿದ್ಲು."

"ಅತ್ತೆ, ಮಗು ಊಟ ಮಾಡ್ಲಿ," ಎನ್ನುವಳು ಸೊಸೆ ಜಲಜ.

"ನಾನೇನು ಅದರ ಬಾಯಿ ಹಿಡಿದಿದೀನಾ?"

ಜಲಜ ಮಗಳ ಮುಂದೆ ಕಾಪಿ ಪುಸ್ತಕ ಹಿಡಿದು ಕೂತು ಕೂತು ಸೋತಿದ್ದಳು. ಬೈದಳು, ಹೊಡೆದಳು, ಆಮೇಲೆ ತಾನೇ ಅತ್ತಳು. ಕೊನೆಗೆ ದಾರಿ ತೋರಿಸಿದವರು ಕ್ಲಾಸ್ ಮಿಸ್ ವಿಮಲಮ್ಮ. "ಕಣ್ಣು ಒಂದ್ಸಲ ತೋರ್ಸು ಜಲಜಾ. ದಡ್ಡಿ ಅಲ್ಲ ಅವಳು, ಏನೋ ಬೇರೆ ಇದೆ," ಎಂದರು. ಕಣ್ಣಿನ ಡಾಕ್ಟರು ಕಣ್ಣು ಗಟ್ಟಿಯಾಗಿದೆ ಎಂದು, ಇಂಥ ಮಕ್ಕಳನ್ನು ಪರೀಕ್ಷೆ ಮಾಡುವ ಒಬ್ಬ ಮೇಡಂ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಇದ್ದಾರೆ, ಅಲ್ಲಿಗೆ ಹೋಗಿ ಎಂದರು.

ಕಾಂತರಾಜ ತನ್ನ ವಾರದ ರಜೆಯ ದಿನ ಗೊಣಗದೆ ಹೊರಟ. ಕಾರ್ಖಾನೆಯಲ್ಲಿ ಅವನು ಖಲಾಸಿ. ಭಾರ ಎತ್ತುವುದು, ಸರಪಳಿ ಬಿಗಿಯುವುದು, ಕ್ರೇನಿನವನಿಗೆ ಕೈ ಸನ್ನೆ ಮಾಡುವುದು ಅವನ ಕೆಲಸ. ಮಾತು ಕಡಿಮೆ. ಮಗಳೆಂದರೆ ಜೀವ, ಆದರೆ ಅದನ್ನು ಬಾಯಲ್ಲಿ ಹೇಳಿದವನಲ್ಲ.

ಮೇಡಂ ಕವನಳ ಮುಂದೆ ಒಂದೊಂದೇ ಚಿತ್ರ ಇಟ್ಟು ಹಾಗೇ ಬರಿ ಎಂದರು. ದುಂಡಗಿನದು ಹೇಗೋ ಆಯಿತು. ಚೌಕದ ಮೂಲೆಗಳು ಕೂಡಲಿಲ್ಲ. ವಜ್ರದ ಆಕಾರ ಬಂದಾಗ ಹುಡುಗಿ ಬಹಳ ಹೊತ್ತು ನೋಡಿ, ನಾಲಿಗೆ ಕಚ್ಚಿಕೊಂಡು ಬರೆದಳು. ಬಂದದ್ದು ಆಲೂಗಡ್ಡೆ.

"ಇದು ಅದರ ಥರಾನೇ ಇದ್ಯಾ ಪುಟ್ಟಿ?" ಎಂದು ಕೇಳಿದರು ಮೇಡಂ.

"ಇಲ್ಲ," ಎಂದಳು ಕವನ. "ಅದು ಚೂಪಗಿದೆ. ನಂದು ಚೂಪಾಗ್ಲಿಲ್ಲ."

ಮೇಡಂ ಅಪ್ಪ ಅಮ್ಮನ ಕಡೆ ತಿರುಗಿದರು. "ನೋಡಿದ್ರಾ? ತಪ್ಪಿದೆ ಅಂತ ಅವಳಿಗೇ ಗೊತ್ತು. ಕಣ್ಣು ಸರಿಯಾಗಿದೆ, ಬುದ್ಧಿ ಸರಿಯಾಗಿದೆ. ಕಣ್ಣು ಕಂಡಿದ್ದನ್ನ ಕೈಗೆ ದಾಟಿಸೋ ಹತ್ರ ತೊಡಕು. ಇದು ಸೋಮಾರಿತನ ಅಲ್ಲ, ಹೊಡೀಬೇಡಿ. ಕೈಗೆ ಕೆಲಸ ಕೊಡಿ. ಕಾಳು ಬೇರೆ ಮಾಡೋದು, ಮಣಿ ಪೋಣಿಸೋದು, ತಟ್ಟೇಲಿ ಹಿಟ್ಟು ಹರಡಿ ಬೆರಳಲ್ಲಿ ಅಕ್ಷರ ತಿದ್ದೋದು, ಗೆರೆ ಮೇಲೆ ಕತ್ತರೀಲಿ ಕತ್ತರಿಸೋದು. ದಿನಾ ಅರ್ಧ ಗಂಟೆ, ಆಟದ ಥರ. ನಗ್ತಾ ನಗ್ತಾ ಮಾಡ್ಬೇಕು. ಸ್ಕೂಲ್ ಮಾತ್ರ ತಪ್ಪಿಸ್ಬೇಡಿ."

ಜಲಜಳ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸೋಮಾರಿತನ ಅಲ್ಲ ಎಂಬ ಆ ಮಾತನ್ನು ಮನೆಗೆ ಹೋಗಿ ಅತ್ತೆಯ ಮುಂದೆ ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಕವನ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಕಾಂತರಾಜ ಕಿಟಕಿಯಾಚೆ ನೋಡುತ್ತಲೇ ಅಂದ:

"ನನಗೂ ಹಿಂಗೇ ಇತ್ತು ಕಣೇ."

"ಏನು?"

"ಇದೇ. ಅಪ್ಪ ಬರಲು ಕಡ್ಡೀಲಿ ಹೊಡೆಯೋರು. ಮೇಷ್ಟ್ರು ಕೈ ಬೆರಳ ಗಂಟಿಗೆ ಹೊಡೆಯೋರು. ಆರನೇ ಕ್ಲಾಸಿಗೆ ಬಿಟ್ಟೆ. ಈಗ್ಲೂ ಪ್ರಮೋಷನ್ನಿಗೆ ಆ ಟ್ರೇಡ್ ಟೆಸ್ಟಲ್ಲಿ ಡ್ರಾಯಿಂಗ್ ನೋಡಿ ಬರೀಬೇಕು ಅಂತಾರಲ್ಲ, ಅದಕ್ಕೇ ನಾನು ಹೋಗಿಲ್ಲ. ಜ್ವರ ಅಂತ ಮಲಗಿದ್ದೆ, ನೆನಪಿದ್ಯಾ? ಜ್ವರ ಇರ್ಲಿಲ್ಲ." ಆಮೇಲೆ, "ಅವ್ವಂಗೆ ಹೇಳ್ಬೇಡ ಮಾರಾಯ್ತಿ," ಎಂದ.

ಹದಿಮೂರು ವರ್ಷದ ಸಂಸಾರದಲ್ಲಿ ಗಂಡ ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಅವಳು ಕೇಳಿರಲಿಲ್ಲ. ಅವನ ಮೇಲೆ ಅವಳಿಗೆ ಹೊಸದಾಗಿ ಅಕ್ಕರೆ ಹುಟ್ಟಿತು.

ಮುಂದಿನ ಕೆಲವು ವಾರ ಆ ಮನೆಗೆ ಒಳ್ಳೆಯ ಕಾಲ. ಕಾಂತರಾಜ ಗುಜರಿ ಅಂಗಡಿಯಿಂದ ಒಂದು ಹಲಗೆ ತಂದು, ತೂತು ಕೊರೆದು, ನಟ್ಟು ಬೋಲ್ಟು ಹಾಕಿ ತೆಗೆಯುವ ಆಟ ಮಾಡಿಕೊಟ್ಟ. ಸಂಜೆ ಶಿಫ್ಟು ಮುಗಿಸಿ ಬಂದವನು ಮಗಳ ಎದುರು ಚಕ್ಕಳಮಕ್ಕಳ ಹಾಕಿ ಕೂತು, "ನೀನು ಮೊದಲೋ ನಾನು ಮೊದಲೋ," ಎಂದು ಪಂದ್ಯ ಕಟ್ಟುತ್ತಿದ್ದ, ಬೇಕೆಂದೇ ಸೋಲುತ್ತಿದ್ದ. ಜಲಜ ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಬೆರಳು ಹಿಡಿದು ತಿದ್ದಿಸುತ್ತಿದ್ದಳು. ಗಣಪತಿ ಹಬ್ಬದ ಹೊತ್ತಿಗೆ ಕವನ ತನ್ನ ಲಂಗದ ಲಾಡಿ ತಾನೇ ಕಟ್ಟಿಕೊಂಡಳು. ಗಂಟು ಸಡಿಲ, ಆದರೂ ಗಂಟು.

ದ್ಯಾಮಮ್ಮ ಇದನ್ನೆಲ್ಲ ಬಾಗಿಲ ಬಳಿ ಕೂತು ನೋಡಿದಳು.

"ಕಾಳು ಆರಿಸು ಅಂತ ಹೇಳೋಕೆ ಶಿವಮೊಗ್ಗದ ಡಾಕ್ಟ್ರು ಬೇಕಿತ್ತೇನೇ? ನಾನು ವರ್ಷದಿಂದ ಹೇಳ್ತಿದ್ದೆ, ಹುಡುಗೀಗೆ ಕೆಲಸ ಹಚ್ಚು ಅಂತ. ಫೀಸು ಕೊಟ್ರೆ ಮಾತಿಗೆ ಬೆಲೆ."

"ಅದು ಕೆಲಸ ಅಲ್ಲ ಅತ್ತೆ, ಅಭ್ಯಾಸ. ಅರ್ಧ ಗಂಟೆ ಅಷ್ಟೇ."

"ಅರ್ಧ ಗಂಟೆಗೆ ಲಾಡಿ ಕಟ್ಟೋಕೆ ಬಂತು. ದಿನವೆಲ್ಲ ಮಾಡಿದ್ರೆ ಏನೇನು ಬರಬೇಡ?"

ಮರುದಿನ ಬೆಳಿಗ್ಗೆ ಕವನಳ ಮುಂದೆ ಮೊರದ ತುಂಬ ಅಕ್ಕಿ ಬಂತು. ಅದು ಮುಗಿದರೆ ಬೆಳ್ಳುಳ್ಳಿ, ಬೆಳ್ಳುಳ್ಳಿ ಮುಗಿದರೆ ತೊಗರಿಬೇಳೆ. ಸ್ಕೂಲಿನಿಂದ ಬಂದು ಚೀಲ ಇಡುವುದರೊಳಗೆ ಸೊಪ್ಪು ಕಾಯುತ್ತಿತ್ತು. ಜಲಜ ಆಕ್ಷೇಪಣೆ ಎತ್ತಿದರೆ ದ್ಯಾಮಮ್ಮನ ಬಾಯಲ್ಲಿ ಒಂದೇ ಮಂತ್ರ: "ಡಾಕ್ಟ್ರೇ ಹೇಳಿದಾರೆ, ಕೈಗೆ ಕೆಲಸ ಕೊಡಿ ಅಂತ." ಅಕ್ಕಪಕ್ಕದವರಿಗೂ ಅವಳು ಹಾಗೇ ಹೇಳಿದಳು. ಎದುರು ಮನೆಯ ಕರಿಯಮ್ಮ ತನ್ನ ಮನೆಯ ಹುರುಳಿಯನ್ನೂ ಒಂದು ಸೇರು ತಂದಿಟ್ಟು, "ನಮ್ದೂ ಆರಿಸ್ಲಿ ಪಾಪ, ಬೇಗ ವಾಸಿಯಾಗ್ಲಿ," ಎಂದು ಹೋದಳು. ಉಪಕಾರ ಮಾಡಿದೆ ಎಂದೇ ಅವಳು ನಂಬಿದ್ದಳು.

ಹೋಮ್‌ವರ್ಕು ಹಿಂದೆ ಬಿತ್ತು. ದಸರೆಗೆ ಮುಂಚಿನ ಪರೀಕ್ಷೆಯಲ್ಲಿ ಕವನ ಮೂರು ವಿಷಯಕ್ಕೆ ಡುಮ್ಕಿ. ಹೀಗೇ ಆದರೆ ಇನ್ನೊಂದು ವರ್ಷ ಅದೇ ಕ್ಲಾಸಿನಲ್ಲಿ ಕೂರಬೇಕಾಗುತ್ತದೆ ಎಂದು ಸ್ಕೂಲಿನಿಂದ ಹೇಳಿ ಕಳಿಸಿದರು.

ಅವತ್ತಿನ ಊಟಕ್ಕೆ ಹುರುಳಿಕಟ್ಟಿನ ಸಾರು, ಮುದ್ದೆ. ಎಲ್ಲರೂ ಕೂತಿದ್ದರು. ದ್ಯಾಮಮ್ಮ ಮುದ್ದೆ ಮುರಿಯುತ್ತ ನಿಧಾನಕ್ಕೆ ಮಾತು ತೆಗೆದಳು.

"ನಾನೊಂದು ಹೇಳ್ತೀನಿ, ಸಿಟ್ಟಾಗ್ಬೇಡ ಕಾಂತು. ಕುಂಸೀಲಿ ಶಕುಂತಲ ಕೂಸು ಇಟ್ಕೊಂಡು ಒಬ್ಬಳೇ ಒದ್ದಾಡ್ತಿದಾಳೆ. ಗಂಡ ಗೊಬ್ಬರದಂಗಡಿ ಬಿಟ್ಟು ಅಲ್ಲಾಡಲ್ಲ. ಈ ಹುಡುಗಿ ಅಲ್ಲಿದ್ರೆ ಅವಳಿಗೂ ಆಸರೆ, ಇವಳಿಗೂ ಕೈಗೆ ಬೇಕಾದಷ್ಟು ಕೆಲಸ. ಹೆಂಗೂ ಈ ವರ್ಷ ಹೋಯ್ತು. ಕೈ ಪೂರ್ತಿ ಸರಿಯಾದ್ಮೇಲೆ ಮುಂದಿನ ವರ್ಷ ಸ್ಕೂಲಿಗೆ ಹಾಕಿದ್ರಾಯ್ತು."

"ಸ್ಕೂಲು ಬಿಡ್ಸೋದು ಬೇಡವ್ವ," ಎಂದ ಕಾಂತರಾಜ. ತಾಯಿ ಮುಖ ಊದಿಸಿದ್ದು ಕಂಡು, "ನೋಡೋಣ," ಎಂದು ಸೇರಿಸಿದ.

ಆ 'ನೋಡೋಣ' ಜಲಜಳಿಗೆ ಚುಚ್ಚಿತು. ಈ ಮನೆಯಲ್ಲಿ 'ನೋಡೋಣ' ಎಂದದ್ದೆಲ್ಲ ದ್ಯಾಮಮ್ಮನ ಇಷ್ಟದಂತೆ ಆಗಿಹೋಗಿತ್ತು. ಬೆಳಗಿನಿಂದ ಕುದಿಯುತ್ತಿದ್ದವಳು ಸೌಟು ಕೆಳಗೆ ಕುಕ್ಕಿದಳು.

"ಏನ್ರೀ ನೋಡೋದು? ನೀವು ನೋಡಿದ್ದು ಸಾಲದಾ? ನಿಮಗೂ ಇವಳ ಥರಾನೇ ಕೈ ಬರಲ್ಲ ಅಂತ ಬಸ್ಸಲ್ಲಿ ಅತ್ಕೊಂಡು ಹೇಳಿದ್ರಲ್ಲ! ಟ್ರೇಡ್ ಟೆಸ್ಟಿಗೆ ಹೆದರಿ ಸುಳ್ಳು ಜ್ವರ ಬರಿಸ್ಕೊಂಡು ಮಲಗಿದ್ರಿ. ನಿಮ್ಮ ಹಿಂದೆ ಸೇರಿದೋರೆಲ್ಲ ಮೇಲೆ ಹೋದ್ರು, ನೀವು ಸಾಯೋ ತನಕ ಖಲಾಸಿ! ನನ್ನ ಮಗಳೂ ಹಂಗೇ ಆಗ್ಬೇಕಾ?"

ಅವನು ಅತ್ತಿರಲಿಲ್ಲ. ಅದನ್ನು ಅವಳು ಸಿಟ್ಟಿನಲ್ಲಿ ಸೇರಿಸಿದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯಿಂದ ಬಿದ್ದ ಕೂಡಲೇ ಅವಳಿಗೆ ಗೊತ್ತಾಯಿತು. ದ್ಯಾಮಮ್ಮ ಮಗನ ಮುಖ ನೋಡಿದಳು. ಕವನ ಅಪ್ಪನ ಮುಖ ನೋಡಿದಳು. ಕಾಂತರಾಜ ಅರ್ಧ ಮುದ್ದೆ ಬಿಟ್ಟು ತಟ್ಟೆಯಲ್ಲೇ ಕೈ ತೊಳೆದ.

"ಭಾನುವಾರ ಕುಂಸಿಗೆ ಬಿಟ್ಟು ಬರ್ತೀನಿ ಅವ್ವ," ಎಂದು ಎದ್ದ.

ಭಾನುವಾರದ ತನಕ ಜಲಜ ಅವನ ಹಿಂದೆ ಮುಂದೆ ಸುತ್ತಿದಳು. "ತಪ್ಪಾಯ್ತು ರೀ. ನನ್ನ ಮೇಲಿನ ಸಿಟ್ಟು ಮಗು ಮೇಲೆ ತೀರಿಸ್ಕೋಬೇಡಿ," ಎಂದು ಬೇಡಿದಳು. ಅವನು ಷರಟಿನ ತೋಳು ಮಡಚುತ್ತ ಒಂದೇ ಮಾತು ಹೇಳಿದ: "ಖಲಾಸಿ ಮಗಳು ಖಲಾಸಿ ಕೆಲಸ ಕಲೀಲಿ."

ಕವನಳಿಗೆ ಎರಡು ಜೊತೆ ಬಟ್ಟೆ, ಒಂದು ಬಾಚಣಿಗೆ ಕಟ್ಟಿಕೊಟ್ಟದ್ದಾಯಿತು. ಸ್ಕೂಲ್ ಚೀಲ ಮನೆಯಲ್ಲೇ ಉಳಿಯಿತು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಅಡಿಗೆ ಆಗುತ್ತಿತ್ತು, ಊಟ ಆಗುತ್ತಿತ್ತು, ಮಾತು ಆಗುತ್ತಿರಲಿಲ್ಲ. ಅತ್ತೆ ಏನಾದರೂ ಕೇಳಿದರೆ ಜಲಜ ಪಾತ್ರೆಯ ಕಡೆ ಮುಖ ಮಾಡಿ ಉತ್ತರಿಸುವಳು. ದೀಪಾವಳಿಗೆ ಶಕುಂತಲ ಬರಲಿಲ್ಲ, ಕೂಸಿಗೆ ಜ್ವರ ಅಂದಳು, ಕವನಳೂ ಬರಲಿಲ್ಲ. ಅವತ್ತು ಜಲಜ ಒಲೆ ಹಚ್ಚಲಿಲ್ಲ.

"ಹಬ್ಬದ ದಿನ ಒಲೆ ತಣ್ಣಗಿಡೋದಾ? ಮನೆಗೆ ಒಳ್ಳೇದಲ್ಲ," ಎಂದಳು ದ್ಯಾಮಮ್ಮ.

"ಮಗು ಇಲ್ದೇ ಇರೋ ಮನೆಗೆ ಇನ್ನೇನು ಕೆಟ್ಟದ್ದು ಆಗ್ಬೇಕು ಅತ್ತೆ?"

"ನಾನೇನು ಮಗೂನ ಮಾರಿದೀನಾ? ಸ್ವಂತ ಅತ್ತೆ ಮನೇಲಿದೆ!"

"ಕೆಲಸಕ್ಕಿದೆ."

"ನಿನ್ನ ಡಾಕ್ಟ್ರು ಹೇಳಿದ್ದೇ ಮಾಡಿದೀವಿ ತಾಯಿ. ಮಾಡಿದ್ರೂ ತಪ್ಪು, ಬಿಟ್ರೂ ತಪ್ಪು!"

ಜಲಜಳಿಗೆ ಇದೇ ಉರಿ. ಆ ಮಾತನ್ನು ಮನೆಗೆ ಹೊತ್ತು ತಂದವಳು ತಾನೇ. ಮೇಡಂ ಹೇಳಿದ್ದರಲ್ಲಿ 'ಆಟ', 'ನಗ್ತಾ ನಗ್ತಾ', 'ಸ್ಕೂಲ್ ತಪ್ಪಿಸಬೇಡಿ' ಎಲ್ಲವೂ ಹಾದಿಯಲ್ಲೇ ಉದುರಿ ಹೋಗಿ, 'ಕೆಲಸ' ಒಂದು ಮಾತ್ರ ಹೊಸ್ತಿಲು ದಾಟಿತ್ತು.

ಡಿಸೆಂಬರ್ ಮುಗಿಯುತ್ತಿದ್ದಾಗ ಅವಳು ಒಬ್ಬಳೇ ವಿಮಲಮ್ಮ ಮಿಸ್ ಮನೆಗೆ ಹೋಗಿ ಅತ್ತಳು. ಅವರು ಒಳ್ಳೆಯವರು. "ಹೆಸರು ಇನ್ನೂ ಹೊಡೆದು ಹಾಕಿಲ್ಲ. ಸಂಕ್ರಾಂತಿ ಒಳಗೆ ಕರ್ಕೊಂಡು ಬಾ. ಹೆಡ್‌ಮೇಡಂ ಹತ್ರ ನಾನು ಮಾತಾಡ್ತೀನಿ. ಬೋರ್ಡು ನೋಡಿ ಬರಿಯೋದು ಬೇಡ, ಬಾಯಲ್ಲೇ ಕೇಳ್ತೀನಿ ಅವಳನ್ನ. ಸಂಕ್ರಾಂತಿ ದಾಟಿದ್ರೆ ನನ್ನ ಕೈಲಿಲ್ಲ," ಎಂದರು.

ಮನೆಗೆ ಬಂದು ಅದನ್ನು ಗಂಡನಿಗೆ ಹೇಳಿದಳು. ಕಾಂತರಾಜ ಬಹಳ ಹೊತ್ತು ಬೀಡಿ ಸೇದಿದ. ಅವನೂ ಇತ್ತೀಚೆಗೆ ಸರಿಯಾಗಿ ಉಣ್ಣುತ್ತಿರಲಿಲ್ಲ.

"ಹೋಗು, ಕರ್ಕೊಂಡು ಬಾ. ಅವ್ವಂಗೆ ನಾನು ಹೇಳ್ತೀನಿ," ಎಂದ.

ದ್ಯಾಮಮ್ಮ ಒಳಗಿನಿಂದಲೇ, "ಕರ್ಕೊಂಡು ಬರ್ಲಪ್ಪ, ಯಾರು ಬೇಡ ಅಂದ್ರು?" ಎಂದಳು. ಗೆದ್ದೆ ಎಂದುಕೊಂಡಳು ಜಲಜ. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಯಿತು.

ಶಿವಮೊಗ್ಗದಲ್ಲಿ ಬಸ್ಸು ಬದಲಾಯಿಸಿ ಕುಂಸಿಯಲ್ಲಿ ಇಳಿದಾಗ ಹನ್ನೊಂದು ಗಂಟೆ. ಶಕುಂತಲಳ ಮನೆಯ ಜಗುಲಿಯ ಮೇಲೆ ಕವನ ಕೂತಿದ್ದಳು. ಪಕ್ಕದಲ್ಲಿ ಚಾಪೆಯ ಮೇಲೆ ಕೂಸು, ಮುಂದೆ ನೆನೆಸಿದ ಅವರೆಕಾಳಿನ ಬೋಗುಣಿ. ಎರಡು ಬೆರಳಿನಲ್ಲಿ ಕಾಳು ಹಿತಕುತ್ತಿದ್ದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಒಂದೂ ತಪ್ಪಿ ಬೀಳಲಿಲ್ಲ. ಕೈ ನೋಡದೆ ಕೂಸಿನ ಕಡೆ ನೋಡುತ್ತಲೇ ಹಿತಕುತ್ತಿದ್ದಳು.

"ಅಮ್ಮಾ!" ಎಂದು ಎದ್ದು ಬಂದು ಸೊಂಟ ತಬ್ಬಿದಳು. ತುಸು ಕಪ್ಪಾಗಿದ್ದಳು. ಜಡೆ ತಾನೇ ಹೆಣೆದುಕೊಂಡಿದ್ದಳು.

ಶಕುಂತಲ ನಗುತ್ತ ಹೊರಗೆ ಬಂದಳು. "ಬನ್ನಿ ಅತ್ತಿಗೆ! ಇವಳಿಗೆ ಕೈ ಬರಲ್ಲ ಅಂತ ಯಾರು ಮಾರಾಯ್ತಿ ಹೇಳಿದ್ದು? ನಮ್ಮನೇಲಿ ಎಲ್ಲಾ ಇವಳೇ. ಕೂಸಿಗೆ ಸ್ನಾನ ಒಂದು ಬಿಟ್ಟು. ಸೂಜಿಗೆ ದಾರ ಕೂಡ ಇವಳೇ ಪೋಣಿಸಿ ಕೊಡೋದು." ಅವಳ ಮಾತಿನಲ್ಲಿ ಕಪಟ ಇರಲಿಲ್ಲ. ಹುಡುಗಿಯ ತಲೆ ಸವರಿ, "ನಮ್ಮ ಜಾಣೆ," ಎಂದಳು.

ಜಲಜಳಿಗೆ ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ತಾನು ಹಿಟ್ಟು ಹರಡಿ ಹರಡಿ ಬೇಡಿಕೊಂಡ ಕೈ ಇಲ್ಲಿ ಬಂದು ನೆಟ್ಟಗಾಗಿತ್ತು. ಊಟವಾದ ಮೇಲೆ ಮಗಳನ್ನು ಹಿತ್ತಿಲಿಗೆ ಕರೆದು ಹೇಳಿದಳು:

"ಬಟ್ಟೆ ತಗೋ ಪುಟ್ಟಾ. ಇವತ್ತೇ ಹೋಗೋಣ. ಮಿಸ್ ಮತ್ತೆ ಸೇರಿಸ್ಕೋತಾರಂತೆ."

ಕವನ ಹಗ್ಗದ ಮೇಲಿದ್ದ ಕೂಸಿನ ಬಟ್ಟೆ ತೆಗೆದು ಮಡಚತೊಡಗಿದಳು.

"ಬರಿಯೋದು ಕೂಡ ಬೇಡವಂತೆ. ಬಾಯಲ್ಲಿ ಹೇಳಿದ್ರೆ ಸಾಕಂತೆ."

"ನಾನು ಬರಲ್ಲ."

"ಯಾಕೆ? ಅತ್ತೆ ಹೇಳ್ಕೊಟ್ರಾ ಹಂಗನ್ನು ಅಂತ?"

"ಇಲ್ಲ. ಅತ್ತೆ ಏನೂ ಹೇಳಿಲ್ಲ. ಸ್ಕೂಲಲ್ಲಿ ನನ್ನ ಪುಸ್ತಕ ನೋಡಿ ಎಲ್ರೂ ನಗ್ತಾರೆ. ಈಗ ಹೋದ್ರೆ ಬರಿಯೋಕೆ ಬರಲ್ಲ, ಬಾಯಲ್ಲೇ ಪಾಸಾಗ್ತಾಳೆ ಅಂತ ಇನ್ನೂ ನಗ್ತಾರೆ. ಇಲ್ಲಿ ಯಾರೂ ನಗಲ್ಲ."

"ಇಲ್ಲಿ ನೀನು ಮನೆಗೆಲಸ ಮಾಡ್ತಿದೀಯ ಕಣೇ! ಓದದೇ ಇದ್ರೆ ಜೀವನ ಪೂರ್ತಿ ಇದೇ ಮಾಡ್ಬೇಕಾಗುತ್ತೆ!"

"ನನಗೆ ಬರುತ್ತಲ್ಲ ಇದು," ಎಂದಳು ಕವನ. ಅದನ್ನು ಹೆಮ್ಮೆಯಿಂದಲೇ ಹೇಳಿದಳು. ಜಲಜ ಸ್ವರ ತಗ್ಗಿಸಿದಳು.

"ಸ್ಕೂಲು ಬೇಡ ಬಿಡು. ಅಮ್ಮನ ಹತ್ರ ಇರೋಕೂ ಬೇಡ್ವಾ? ನಾನು ನಿನ್ನ ನೋಡ್ದೆ ಹೆಂಗಿರ್ಲಿ?"

ಹುಡುಗಿ ಕಾಲ್ಬೆರಳಿನಿಂದ ಮಣ್ಣು ಕೆದಕಿದಳು. ಹೇಳಲೋ ಬೇಡವೋ ಎಂಬಂತೆ ಒಮ್ಮೆ ಅಮ್ಮನನ್ನು ನೋಡಿ, ಹೇಳಿಯೇಬಿಟ್ಟಳು.

"ನೀನು ನನ್ನ ನೋಡಲ್ಲಮ್ಮ. ಕೈನೇ ನೋಡ್ತಿರ್ತೀಯ."

ಒಳಗೆ ಕೂಸು ಅತ್ತಿತು. "ಬಂದೆ ಚಿನ್ನಾ," ಎನ್ನುತ್ತ ಕವನ ಓಡಿದಳು. ಹಿತ್ತಿಲಿನಲ್ಲಿ ಜಲಜ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ರಟ್ಟೆ ಹಿಡಿದು ಎಳೆದುಕೊಂಡು ಹೋಗಬಹುದಿತ್ತು. ಹೆತ್ತವಳು, ಯಾರು ಕೇಳುತ್ತಿದ್ದರು? ಎದ್ದು ಒಳಗೂ ಹೋದಳು. ಅಲ್ಲಿ ಕವನ ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಚಮಚದಲ್ಲಿ ಹಾಲು ಕುಡಿಸುತ್ತ, ಹದಿನೈದರ ಮಗ್ಗಿಯನ್ನು ಜೋಗುಳದ ಹಾಗೆ ಹೇಳುತ್ತಿದ್ದಳು. ಜಲಜ ಅವಳನ್ನು ಮುಟ್ಟದೆ ತನ್ನ ಚೀಲ ಎತ್ತಿಕೊಂಡಳು.

"ಮನಸ್ಸಿಲ್ಲದ ಮಗೂನ ಎಳ್ಕೊಂಡು ಹೋಗ್ಬೇಡಿ ಅತ್ತಿಗೆ. ಬೇಸಿಗೆ ರಜೆಗೆ ನೋಡೋಣ," ಎಂದಳು ಶಕುಂತಲ.

ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಕವನ ಬಸ್ ಸ್ಟ್ಯಾಂಡಿನವರೆಗೂ ಬಂದಳು. "ಹುಷಾರಾಗಿ ಹತ್ತಮ್ಮ. ಅಪ್ಪಂಗೆ ಬೀಡಿ ಕಡಿಮೆ ಮಾಡು ಅಂತ ಹೇಳು. ಮತ್ತೆ ಬರ್ತಾ ಪಾಪುಗೆ ಬಿಸ್ಕತ್ ತಗೊಂಡು ಬಾ, ನನಗೇನೂ ಬೇಡ," ಎಂದಳು. ಒಂಬತ್ತು ವರ್ಷದ ಹುಡುಗಿ, ಮದುವೆಯಾಗಿ ಹೋದ ಮಗಳು ತಾಯಿಯನ್ನು ಕಳಿಸಿಕೊಡುವ ಹಾಗೆ ಮಾತಾಡಿದಳು.

ಇಷ್ಟು ದಿನ ಜಲಜಳಿಗೆ ಸಿಟ್ಟು ಮಾಡಲು ಜನ ಇದ್ದರು. ಅತ್ತೆ ಇದ್ದಳು, ಗಂಡ ಇದ್ದ. ಈಗ ಅವರೆಲ್ಲ ಬಾಗಿಲು ತೆರೆದು ಕೂತಿದ್ದರು, ಬರುವವಳೇ ಬರುವುದಿಲ್ಲ ಅಂದಿದ್ದಳು. ಬಸ್ಸು ಹೊರಟಿತು. ಕಂಡಕ್ಟರ್ ಹತ್ತಿರ ಬಂದು ಟಿಕೆಟ್ ಕೇಳಿದ.

"ಶಿವಮೊಗ್ಗ, ಒಂದೂವರೆ," ಎಂದಳು ಜಲಜ.

ಕಂಡಕ್ಟರ್ ಅವಳ ಪಕ್ಕದ ಸೀಟು ನೋಡಿದ. "ಅರ್ಧ ಯಾರಿಗಮ್ಮ?"

ಅವಳೂ ಆ ಸೀಟಿನ ಕಡೆ ನೋಡಿದಳು. "ಅರ್ಧ ಬೇಡ," ಎಂದಳು. ಅವನು ಒಂದು ಟಿಕೆಟ್ ಹರಿದು ಕೊಟ್ಟು, ಚಿಲ್ಲರೆ ಎಣಿಸಿ ಅವಳ ಕೈಗೆ ಹಾಕಿ ಮುಂದಿನ ಸೀಟಿಗೆ ಹೋದ.